ಒಂದೇ ಪಾಠ, ಮೂವತ್ತು ವೇಗ: ಕಲಿಕಾ ಒಪ್ಪಂದ ಮಾಡಿಕೊಳ್ಳುವುದು ಹೇಗೆ?

ಆರನೇ ತರಗತಿಗೆ ಭಿನ್ನರಾಶಿ ಹೇಳಿಕೊಡುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಬೋರ್ಡ್ ಮೇಲೆ 1/2 + 1/3 ಅಂತ ಬರೆದು ತಿರುಗುವಷ್ಟರಲ್ಲಿ ಒಬ್ಬಳು 5/6 ಎಂದಿರುತ್ತಾಳೆ. ಹತ್ತು ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಎನ್ನುತ್ತಾರೆ. ಇನ್ನು ಕೆಲವರಿಗೆ 1/3 ದೊಡ್ಡದೋ 1/5 ದೊಡ್ಡದೋ ಎಂಬುದೇ ಗೊಂದಲ. ಮೂರಕ್ಕಿಂತ ಐದು ದೊಡ್ಡದು, ಅಲ್ವಾ?

ಇವರೆಲ್ಲರಿಗೂ ಒಂದೇ ಲೆಕ್ಕ, ಒಂದೇ ವೇಗ ಹೊಂದುವುದಿಲ್ಲ. ಇಂಥ ಕಡೆ ಕೆಲಸಕ್ಕೆ ಬರುವುದು ಕಲಿಕಾ ಒಪ್ಪಂದ. ಏನು ಕಲಿಯಬೇಕು, ಯಾವ ದಾರಿಯಲ್ಲಿ, ಎಷ್ಟು ದಿನದಲ್ಲಿ, ಕಲಿತದ್ದನ್ನು ತೋರಿಸುವುದು ಹೇಗೆ ಎಂದು ಮಗು ಮತ್ತು ಶಿಕ್ಷಕರು ಕೂತು ಮಾತಾಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು, ಅಷ್ಟೇ.

ಹೊಸದೇನಲ್ಲ. ಹೆಲೆನ್ ಪಾರ್ಕ್‌ಹರ್ಸ್ಟ್ ಎಂಬ ಶಿಕ್ಷಕಿ ಅಮೆರಿಕದ ಡಾಲ್ಟನ್ ಎಂಬ ಊರಿನ ಹೈಸ್ಕೂಲಿನಲ್ಲಿ 1920ರಲ್ಲೇ ತಿಂಗಳ ಪಾಠವನ್ನು ಮಕ್ಕಳಿಗೆ ಒಪ್ಪಂದದ ರೂಪದಲ್ಲಿ ಕೊಟ್ಟರು. ನಮ್ಮಲ್ಲಿ 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲೂ ಪ್ರತಿ ಮಗು ತನ್ನ ವೇಗದಲ್ಲಿ ಹಂತ ಹಂತದ ಕಲಿಕಾ ಏಣಿ ಹತ್ತುತ್ತದೆ. ಅದೇ ಮಗು ನಾಲ್ಕನೇ ತರಗತಿಗೆ ಬಂತೋ ಇಲ್ಲವೋ, ಏಣಿ ತೆಗೆದು ಸಾಲಾಗಿ ಬೆಂಚಿನ ಮೇಲೆ ಕೂರಿಸಿಬಿಡುತ್ತೇವೆ.

ಒಪ್ಪಂದ ಮಾಡಿಸಿದ್ದೇವೆ ಎಂದು ಶಿಕ್ಷಕರು ತೋರಿಸುವ ಹಾಳೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಬಹುಪಾಲು ಹೋಂವರ್ಕ್ ಪಟ್ಟಿಗಳೇ. ಕೆಳಗೆ ಸಹಿಗೊಂದು ಗೆರೆ ಎಳೆದಿರುತ್ತಾರೆ. ಹಾಗಾಗಿ ಈ ಲೇಖನ.

ಮೊದಲು, ಯಾರು ಎಲ್ಲಿದ್ದಾರೆ ನೋಡಿ

ಪಾಠ ಶುರು ಮಾಡುವ ಮುಂಚೆ ಐದು ಪ್ರಶ್ನೆ ಕೊಡಿ. ಚೌಕದ 3/4 ಭಾಗಕ್ಕೆ ಬಣ್ಣ ಹಚ್ಚುವುದು, 1/3 ಮತ್ತು 1/5ರಲ್ಲಿ ದೊಡ್ಡದು ಯಾವುದು, 2/3ಕ್ಕೆ ಒಂದು ಸಮಾನ ಭಿನ್ನರಾಶಿ, ಎರಡೂಕಾಲನ್ನು ವಿಷಮ ಭಿನ್ನರಾಶಿಯಾಗಿ ಬರೆಯುವುದು, ಕೊನೆಗೆ 1/2 + 1/3. ಹದಿನೈದು ನಿಮಿಷ ಸಾಕು. ಅಂಕ ಹಾಕಬೇಡಿ. ಎಷ್ಟು ಸರಿ ಅನ್ನುವುದಕ್ಕಿಂತ ತಪ್ಪು ಯಾವ ತರಹದ್ದು ಅನ್ನುವುದು ನಿಮಗೆ ಬೇಕು.

ಎಲ್ಲರಿಗೂ ಸಮಾನವಾದದ್ದನ್ನು ಬೇರೆ ಮಾಡಿ

ಛೇದ (ಕೆಳಗಿನ ಸಂಖ್ಯೆ) ಏನು ಹೇಳುತ್ತದೆ, ಛೇದ ಬೇರೆ ಇದ್ದಾಗ ನೇರವಾಗಿ ಕೂಡಬಾರದು ಯಾಕೆ – ಈ ಎರಡನ್ನು ಇಡೀ ತರಗತಿಗೆ ನೀವೇ ಹೇಳಿಕೊಡಿ. ಇದು ಒಪ್ಪಂದಕ್ಕೆ ಬಿಡುವ ವಿಷಯ ಅಲ್ಲ.

ಕೆಲಸಗಳನ್ನು ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲಿ. 'ಎ', 'ಬಿ', 'ಸಿ' ಅಂತ ಮೂರು ಹಾಳೆ ಮಾಡುತ್ತಾರೆ. ಜಾಣರಿಗೆ ಇಪ್ಪತ್ತು ಲೆಕ್ಕ, ನಡುವಿನವರಿಗೆ ಹತ್ತು, ಹಿಂದುಳಿದವರಿಗೆ ಐದು. 'ಸಿ' ಅಂದರೆ ಏನು ಎಂದು ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಇನ್ನು ಬೇಗ ಕಲಿತವಳಿಗೆ ಸಿಕ್ಕಿದ್ದೇನು? ಈಗಾಗಲೇ ಬರುವುದನ್ನೇ ಇಪ್ಪತ್ತು ಸಲ ಮಾಡುವ ಶಿಕ್ಷೆ. ಮುಂದಿನ ಸಲ ಅವಳು ನಿಧಾನ ಮಾಡುವುದನ್ನು ಕಲಿಯುತ್ತಾಳೆ.

ಲೆಕ್ಕದ ಸಂಖ್ಯೆ ಬದಲಿಸುವುದಲ್ಲ, ಕೆಲಸವೇ ಬದಲಾಗಬೇಕು. 2/5 ಎಂದವರಿಗೆ ಕಾಗದದ ಪಟ್ಟಿ ಕೊಡಿ. ಪಟ್ಟಿ ಸರಿಯಾಗಿ 12 ಸೆಂ.ಮೀ. ಉದ್ದ ಇರಲಿ. ಅರ್ಧಕ್ಕೆ ಮಡಚುವುದು ಎಲ್ಲರಿಗೂ ಬರುತ್ತದೆ, ಮೂರು ಸಮ ಭಾಗ ಮಾಡುವಾಗ ದೊಡ್ಡವರೂ ತಡವರಿಸುತ್ತಾರೆ. 12 ಸೆಂ.ಮೀ. ಇದ್ದರೆ ಸ್ಕೇಲಿಟ್ಟು 4 ಮತ್ತು 8ರಲ್ಲಿ ಗುರುತು ಹಾಕಿದರೆ ಮುಗಿಯಿತು. ಆರು ಭಾಗಕ್ಕೆ ಎರಡೆರಡು ಸೆಂ.ಮೀ. ಅರ್ಧದ ತುಂಡನ್ನೂ ಮೂರನೇ ಒಂದರ ತುಂಡನ್ನೂ ಒಂದರ ಪಕ್ಕ ಒಂದಿಟ್ಟು, ಆರು ಭಾಗದ ಪಟ್ಟಿಯ ಮೇಲೆ ಅಳೆಯಲಿ. ಸರಿಯಾಗಿ ಐದು ಮನೆ ತುಂಬುತ್ತದೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಯಾಕೆ ಬೇಕು ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ.

ದೊಡ್ಡದು-ಚಿಕ್ಕದು ಗೊಂದಲ ಇರುವವರಿಗೆ ಅಂಗಡಿ ಲೆಕ್ಕ. ಕಾಲು ಕೆಜಿ, ಅರ್ಧ ಕೆಜಿ, ಮುಕ್ಕಾಲು ಕೆಜಿ ಅವರಿಗೆ ಗೊತ್ತೇ ಇರುತ್ತದೆ. ಅದನ್ನು ಸಂಖ್ಯೆಯಾಗಿ ಬರೆದದ್ದು ಮಾತ್ರ ಹೊಸದು.

5/6 ಎಂದ ಹುಡುಗಿಗೆ? ಪ್ರಾಚೀನ ಈಜಿಪ್ಟಿನವರು 2/3ರಂಥದ್ದನ್ನು ಬಿಟ್ಟರೆ ಅಂಶದಲ್ಲಿ, ಅಂದರೆ ಮೇಲೆ, 1 ಇರುವ ಭಿನ್ನರಾಶಿಗಳನ್ನಷ್ಟೇ ಬಳಸುತ್ತಿದ್ದರು. 3/4 ಅಂದರೆ ಅವರಿಗೆ 1/2 + 1/4. 2/5 ಅಂದರೆ 1/3 + 1/15. ಹಾಗಾದರೆ 4/5 ಹೇಗೆ ಬರೆಯುತ್ತಿದ್ದರು? ಒಂದೇ ಭಿನ್ನರಾಶಿ ಎರಡು ಸಲ ಬರುವ ಹಾಗಿಲ್ಲ. ಈ ಒಂದು ಪ್ರಶ್ನೆ ಪೂರಾ ಪೀರಿಯಡ್ ತಿನ್ನುತ್ತದೆ. (1/2 + 1/4 + 1/20 ಒಂದು ಉತ್ತರ. ಬೇರೆಯೂ ಇವೆ, ಹೇಳಿಬಿಡಬೇಡಿ.) ಅಜ್ಜ-ಅಜ್ಜಿಯರಿಂದ ಅರೆಕಾಲು (1/8), ವೀಸದ (1/16) ಹಳೆಯ ಲೆಕ್ಕ ಕೇಳಿ ಬರೆದು ತರುವುದೂ ಒಳ್ಳೆಯ ಕೆಲಸ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ರೆಡಿಮೇಡ್ ಪಿಡಿಎಫ್ ದಯವಿಟ್ಟು ಬೇಡ. ಇಂಗ್ಲಿಷಿನಿಂದ ಇಳಿಸಿದ್ದು, ಪ್ರತಿ ಪುಟದಲ್ಲೂ ಪಿಜ್ಜಾ. ಸುತ್ತ ಬಣ್ಣದ ಬಾರ್ಡರ್ ಎಷ್ಟಿರುತ್ತದೆ ಎಂದರೆ ಮಗು ಬರೆಯಲು ಜಾಗವೇ ಇರುವುದಿಲ್ಲ. ಜೆರಾಕ್ಸ್ ಕೂಡ ಬೇಕಾಗಿಲ್ಲ. ಮಕ್ಕಳು ತಮ್ಮ ನೋಟ್‌ಬುಕ್ಕಿನಲ್ಲೇ ಗೆರೆ ಎಳೆದು ಬರೆದುಕೊಳ್ಳಲಿ.

ಕೂತು ಮಾತಾಡಿ

ಹಾಳೆ ಹಂಚಿ "ಎಲ್ಲರೂ ಸಹಿ ಹಾಕಿ" ಎಂದರೆ ಅದು ಒಪ್ಪಂದವಲ್ಲ, ಸುತ್ತೋಲೆ. ಪ್ರತಿ ಮಗುವಿನ ಜೊತೆ ನಾಲ್ಕು ನಿಮಿಷ ಕೂರಲೇಬೇಕು. ಒಂದು ಪೀರಿಯಡ್‌ನಲ್ಲಿ ಎಂಟು-ಹತ್ತು ಮಕ್ಕಳಾಗುತ್ತಾರೆ. ಉಳಿದವರು ಅಷ್ಟು ಹೊತ್ತು ಪಠ್ಯಪುಸ್ತಕದ ಅಭ್ಯಾಸ ಮಾಡಲಿ. ಸಮಯವಿಲ್ಲ ಅನ್ನುವವರು ಒಂದೇ ತರಹ ತಪ್ಪು ಮಾಡಿದ ಮೂವರನ್ನು ಒಟ್ಟಿಗೆ ಕೂರಿಸಿಕೊಳ್ಳಬಹುದು. ಮೂವರಿಗಿಂತ ಜಾಸ್ತಿ ಬೇಡ.

ಮಾತು ಹೆಚ್ಚುಕಮ್ಮಿ ಹೀಗಿರಬೇಕು:

"ನೀನು 2/5 ಅಂತ ಬರೆದಿದ್ದೀಯ. 2/5 ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ?"

"ಐದರಲ್ಲಿ ಎರಡು... ಕಮ್ಮಿ ಮಿಸ್."

"ಅರ್ಧ ಇತ್ತು. ಅದಕ್ಕೆ ಇನ್ನಷ್ಟು ಸೇರಿಸಿದ್ವಿ. ಕಮ್ಮಿ ಆಗೋಯ್ತಾ?"

"ಇಲ್ಲ ಮಿಸ್. ಎಲ್ಲೋ ತಪ್ಪಿದೆ."

"ಎಲ್ಲಿ ಅಂತ ಹುಡುಕ್ತೀಯಾ? ಪಟ್ಟಿ ಮಡಚಿ ನೋಡ್ತೀಯೋ, ಚಿತ್ರ ಬರೆದು ನೋಡ್ತೀಯೋ?"

"ಪಟ್ಟಿ ಮಿಸ್. ಇವತ್ತೇ ಮಾಡ್ತೀನಿ."

"ಇವತ್ತೇ ಬೇಡ. ಗುರುವಾರ ತೋರಿಸು."

ಆಮೇಲೆ ಮಗು ತನ್ನ ಮಾತಿನಲ್ಲೇ ಬರೆಯಬೇಕು: "1/2 + 1/3 ಯಾಕೆ 2/5 ಆಗಲ್ಲ ಅಂತ ಪಟ್ಟಿ ಇಟ್ಟು ಗುರುವಾರ ಮಿಸ್‌ಗೆ ತೋರಿಸ್ತೀನಿ." ಕಾಗುಣಿತ ತಿದ್ದಬೇಡಿ. "ವಿದ್ಯಾರ್ಥಿಯು ಭಿನ್ನರಾಶಿಗಳ ಪರಿಕಲ್ಪನೆಯನ್ನು ಗ್ರಹಿಸುವನು" ಎಂಬುದು ನಿಮ್ಮ ಪಾಠಯೋಜನೆಯಲ್ಲಿರಲಿ, ಒಪ್ಪಂದದಲ್ಲಿ ಬೇಡ.

ಎರಡು ಎಚ್ಚರಿಕೆ. ಆಯ್ಕೆ ಕೊಟ್ಟರೆ ನಿಜವಾಗಿ ಕೊಡಿ. ಮಗು ಚಿತ್ರ ಬೇಕು ಎಂದಾಗ "ಪಟ್ಟಿನೇ ಒಳ್ಳೇದು ಕಣೋ" ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಮತ್ತೆ, ಕೆಲವು ಮಕ್ಕಳು ನಿಮ್ಮನ್ನು ಮೆಚ್ಚಿಸಲು ಎಲ್ಲಾ ಮಾಡುತ್ತೇನೆ ಎನ್ನುತ್ತಾರೆ. ಅವರ ಕೆಲಸಗಳ ಪಟ್ಟಿಯನ್ನು ನೀವೇ ಕಡಿಮೆ ಮಾಡಿ. ಆರನೇ ತರಗತಿಯವರಿಗೆ ಮೊದಲ ಒಪ್ಪಂದ ಒಂದು ವಾರದ್ದು, ಆಮೇಲೆ ಹೆಚ್ಚೆಂದರೆ ಎರಡು ವಾರದ್ದು.

ಸಹಿ ಇಬ್ಬರದ್ದೂ ಇರಲಿ, ನಿಮ್ಮದು ಕೂಡ. ಪೋಷಕರ ಸಹಿ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮನೆಗೆ ಹೋದ ಕೂಡಲೇ ಅದು ದೂರಿನ ಪತ್ರವಾಗುತ್ತದೆ, ಇಲ್ಲವೇ ಅಕ್ಕನೋ ಅಣ್ಣನೋ ಲೆಕ್ಕ ಮಾಡಿಕೊಡುತ್ತಾರೆ.

ನಡೆಸುವುದು

ವಾರಕ್ಕೆ ಎರಡು ಪೀರಿಯಡ್ ಇದಕ್ಕೇ ಮೀಸಲಿಡಿ. ಪಟ್ಟಿ, ಸ್ಕೇಲು, ಕತ್ತರಿ ಒಂದು ಡಬ್ಬಿಯಲ್ಲಿ. ಸಂದೇಹ ಬಂದರೆ ಮೊದಲು ನೋಟ್‌ಬುಕ್, ಆಮೇಲೆ ಪಕ್ಕದವರು, ಕೊನೆಗೆ ನೀವು. ಸ್ವಲ್ಪ ಗಲಾಟೆ ಇದ್ದೇ ಇರುತ್ತದೆ. ಹೆಡ್‌ಮಾಸ್ಟರಿಗೆ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಕಾಪಿ ಹೊಡೆಯುತ್ತಾರೆ ಎಂಬ ಭಯ ಎಲ್ಲರಿಗೂ. ಹೊಡೆಯುತ್ತಾರೆ. ಆದ್ದರಿಂದಲೇ ಕೊನೆಯಲ್ಲಿ ಹಾಳೆ ತಿದ್ದುವುದಕ್ಕಿಂತ "ಇದು ಹೇಗೆ ಬಂತು, ತೋರಿಸು" ಅಂತ ಕೇಳುವುದು ಮೇಲು. ನೋಡಿ ಬರೆದವನಿಗೆ ಪಟ್ಟಿ ಕೈಯಲ್ಲಿಟ್ಟರೆ ತಿಳಿದುಬಿಡುತ್ತದೆ. ಈ ಮಾತುಕತೆಯನ್ನೇ ಎಫ್.ಎ. (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಬಳಸಿಕೊಳ್ಳಿ, ಹಾಳೆಯನ್ನು ಮಗುವಿನ ಕೆಲಸಗಳನ್ನು ಕೂಡಿಡುವ ಕೃತಿಸಂಪುಟಕ್ಕೆ ಸೇರಿಸಿ. ಮೆಚ್ಚುಗೆಗೆ ಹೊಳೆಯುವ ಸ್ಟಾರ್ ಸ್ಟಿಕ್ಕರ್ ಅಂಟಿಸಬೇಡಿ. ಎರಡನೇ ವಾರಕ್ಕೆ ಮಕ್ಕಳು ಸ್ಟಿಕ್ಕರಿಗಾಗಿಯೇ ಸುಲಭದ ಕೆಲಸ ಆರಿಸುತ್ತಾರೆ.

ಗುರುವಾರ ಬಂತು, ಮುಗಿದಿಲ್ಲ ಅಂದುಕೊಳ್ಳಿ. ಬೈಯುವ ಮೊದಲು ಕೇಳಿ: ಕೆಲಸ ಕಷ್ಟವಾಯಿತೋ, ದಿನ ಸಾಲಲಿಲ್ಲವೋ, ಸುಮ್ನೆ ಕೂತಿದ್ದನೋ? ಮೊದಲೆರಡಾದರೆ ದಿನಾಂಕ ಹೊಡೆದುಹಾಕಿ ಹೊಸದು ಬರೆದು ಇಬ್ಬರೂ ಮತ್ತೆ ಸಹಿ ಮಾಡಿ. ಮೂರನೆಯದಾದರೆ ಅವನಿಗೆ ಸದ್ಯ ಒಪ್ಪಂದ ನಿಲ್ಲಿಸಿ, ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ.

ಎಲ್ಲ ಪಾಠಕ್ಕೂ ಇದು ಬೇಕಾಗಿಲ್ಲ. ಭಿನ್ನರಾಶಿ, ದಶಮಾಂಶ, ಕನ್ನಡದಲ್ಲಿ ಪ್ರಬಂಧ ಬರೆಯುವುದು – ಮಕ್ಕಳ ನಡುವೆ ಅಂತರ ಜಾಸ್ತಿ ಇರುವ ಕಡೆ ಮಾಡಿ. ಕೋನಮಾಪಕ ಹಿಡಿಯುವುದನ್ನು ಹೇಳಿಕೊಡುವ ದಿನ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಳಿಕೊಟ್ಟುಬಿಡಿ.