ವಿಯೆನ್ನಾ: ಟ್ರಾಮ್, ನಲ್ಲಿ ನೀರು, ನಿಂತು ಕೇಳಿದ ಒಪೆರಾ

ವಿಯೆನ್ನಾ ಅಂದ ಕೂಡಲೇ ಅರಮನೆ, ಬಂಗಾರದ ಲೇಪದ ಸಭಾಂಗಣ, ಮೊಜಾರ್ಟ್ ಮುಖವಿರುವ ಚಾಕೊಲೇಟ್ ನೆನಪಾಗುತ್ತವೆ. ಅವೆಲ್ಲ ಅಲ್ಲಿ ಬೇಕಾದಷ್ಟಿವೆ. ನನಗೆ ಆ ಊರು ಹಿಡಿಸಿದ್ದು ಬೇರೆ ಕಾರಣಕ್ಕೆ. ಹಿಂದೆ ಚಕ್ರವರ್ತಿಯ ಮನೆಯವರಿಗೆ ಮಾತ್ರ ದಕ್ಕುತ್ತಿದ್ದ ಎಷ್ಟೋ ಸಂಗತಿಗಳು ಇವತ್ತು ಅಲ್ಲಿ ಎಲ್ಲರ ಪಾಲಿಗೂ ಇವೆ. ಕುಡಿಯುವ ನೀರು, ಬೇಟೆಯ ಕಾಡು, ಚಿತ್ರ, ಸಂಗೀತ ಎಲ್ಲವೂ. ಅಕ್ಕನೂ ನಾನೂ ಹೋದಾಗ ಊರನ್ನು ಈ ಕಡೆಯಿಂದಲೇ ನೋಡಿದೆವು. ಪ್ಯಾಕೇಜ್ ಟೂರ್ ಬೇಡ, ಊರಿನವರು ಹತ್ತುವ ಟ್ರಾಮನ್ನೇ ಹತ್ತೋಣ ಅಂತ ಹೊರಟೆವು. ಅದು ಹೇಗೆ ನಡೆಯಿತು ಅಂತ ಬರೆಯುತ್ತೇನೆ.

ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ದುಬಾರಿ ರೈಲೊಂದಿದೆ. ಮೊದಲು ಕಣ್ಣಿಗೆ ಬೀಳುವುದೇ ಅದರ ಜಾಹೀರಾತು. ಎಸ್7 ಅನ್ನುವ ಸಾಮಾನ್ಯ ಲೋಕಲ್ ರೈಲು ಕೂಡ ಅದೇ ವೀನ್ ಮಿಟ್ಟೆ ನಿಲ್ದಾಣಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ದುಡ್ಡು ತುಂಬಾ ಕಡಿಮೆ. ನಾವು ಅದರಲ್ಲೇ ಬಂದೆವು. ಊರೊಳಗೆ ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ ಪಾಸ್ ಸಾಕು. ಮೆಟ್ರೋ ನಿಲ್ದಾಣಗಳಲ್ಲಿ ಗೇಟೇ ಇಲ್ಲ, ಸುಮ್ನೆ ಒಳಗೆ ನಡೆದು ಹೋಗಬಹುದು. ಹಾಗಂತ ಟಿಕೆಟ್ ಇಲ್ಲದೆ ಹೋಗಬೇಡಿ. ಮಾಮೂಲಿ ಬಟ್ಟೆಯಲ್ಲಿರುವ ತಪಾಸಣೆಯವರು ಯಾವಾಗ ಬೇಕಾದರೂ ಬರುತ್ತಾರೆ, ದಂಡ ದೊಡ್ಡದು. ಮೊದಲೇ ಮುದ್ರೆ ಬಿದ್ದಿರದ ಕಾಗದದ ಟಿಕೆಟ್ ಆದರೆ ಒಳಗೆ ಹೋಗುವಾಗ ನೀಲಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟ್ ಕೈಯಲ್ಲಿದ್ದರೂ ಇಲ್ಲದ ಲೆಕ್ಕವೇ.

ವಿಳಾಸ ಹುಡುಕುವುದು ಸುಲಭ. ಊರನ್ನು 23 ಭಾಗ ಮಾಡಿದ್ದಾರೆ. ನಡುವಿನ ಹಳೇ ಊರು 1ನೇ ಭಾಗ. ರಸ್ತೆಯ ಫಲಕದಲ್ಲಿ ಹೆಸರಿನ ಮುಂದೆ ಭಾಗದ ಸಂಖ್ಯೆ ಇರುತ್ತದೆ. ಪಿನ್ ಕೋಡ್ 1070 ಅಂತಿದ್ದರೆ ಅದು 7ನೇ ಭಾಗ. ನಾವು ಉಳಿದುಕೊಂಡಿದ್ದು ಅಲ್ಲೇ. ನಡು ಊರಿಗೆ ನಡೆದೇ ಹೋಗಬಹುದು, ಬಾಡಿಗೆಯೂ ಅಲ್ಲಿಗಿಂತ ಕಡಿಮೆ.

ಮೊದಲ ದಿನ ಯಾವ ಕಟ್ಟಡದ ಒಳಗೂ ಹೋಗಬೇಡಿ, ರಿಂಗ್ ರಸ್ತೆಯನ್ನು ಟ್ರಾಮಿನಲ್ಲಿ ಸುತ್ತಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಳೇ ಊರಿನ ಸುತ್ತ ದೊಡ್ಡ ಕೋಟೆಗೋಡೆ ಇತ್ತು. 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಅದನ್ನು ಕೆಡವಲು ಆಜ್ಞೆ ಮಾಡಿದ. ಆ ಜಾಗದಲ್ಲಿ ಬಂದದ್ದೇ ಈ ಅಗಲವಾದ ರಸ್ತೆ. 1865ರ ಮೇ 1ರಂದು ಅದು ತೆರೆಯಿತು. ಒಪೆರಾ ಹತ್ತಿರ 1ನೇ ನಂಬರಿನ ಟ್ರಾಮ್ ಹತ್ತಿ, ಶ್ವೇಡನ್‌ಪ್ಲಾಟ್ಸ್‌ನಲ್ಲಿ ಇಳಿದು 2ನೇ ನಂಬರಿನದಕ್ಕೆ ಬದಲಾಯಿಸಿದರೆ ಪೂರ್ತಿ ಒಂದು ಸುತ್ತು ಆಗುತ್ತದೆ. ಗ್ರೀಕ್ ದೇವಾಲಯದ ಹಾಗಿರುವ ಸಂಸತ್ತು, ಗೋಥಿಕ್ ಗೋಪುರದ ನಗರಸಭೆ, ವಿಶ್ವವಿದ್ಯಾಲಯ, ನಾಟಕಶಾಲೆ ಒಂದರ ಹಿಂದೆ ಒಂದು ಬರುತ್ತವೆ. ಎಲ್ಲವೂ ತುಂಬಾ ಹಳೆಯವು ಅನ್ನಿಸುತ್ತದೆ. ನಿಜಕ್ಕೂ ಇವೆಲ್ಲ ಬಂದದ್ದು 1880ರ ದಶಕದಲ್ಲಿ. ಬೇಕಂತಲೇ ಹಳೇ ಕಾಲದ ವೇಷ ಹಾಕಿ ಕಟ್ಟಿದ್ದಾರೆ. ಇದು ತಲೆಯಲ್ಲಿದ್ದರೆ ಊರಿನ ನಕ್ಷೆ ಅರ್ಥವಾಗುತ್ತದೆ. ರಿಂಗ್ ಒಳಗಿನದು ಮಧ್ಯಯುಗದ ಊರು, ಹೊರಗಿನದು 19ನೇ ಶತಮಾನದ ಊರು.

ಇನ್ನು ನೀರು. ನನಗೆ ವಿಯೆನ್ನಾದಲ್ಲಿ ಅತ್ಯಂತ ಬೆರಗು ಹುಟ್ಟಿಸಿದ್ದು ಇದೇ. ಅಲ್ಲಿನ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟಗಳ ಊಟೆ ನೀರು. ಕೈಸರ್‌ಬ್ರುನ್ ಅನ್ನುವ ಊಟೆಯಿಂದ ಹಿಂದೆ ಕುದುರೆಯ ಮೇಲೆ ಅರಮನೆಗೆ ನೀರು ತರಿಸುತ್ತಿದ್ದರಂತೆ. ಊರಿನ ಜನ ಕುಡಿಯುತ್ತಿದ್ದದ್ದು ಬಾವಿ ನೀರು, ಅದರಿಂದ ಕಾಯಿಲೆಗಳು. ರಿಂಗ್ ರಸ್ತೆ ತೆರೆದ ಸಂದರ್ಭದಲ್ಲಿ ಫ್ರಾಂಜ್ ಜೋಸೆಫ್ ಆ ಊಟೆಯನ್ನು ಊರಿಗೆ ಬಿಟ್ಟುಕೊಟ್ಟ. ಎಡ್ವರ್ಡ್ ಝ್ಯೂಸ್ ಅನ್ನುವ ಭೂವಿಜ್ಞಾನಿ ನಗರಸಭೆಯಲ್ಲಿ ಪಟ್ಟು ಹಿಡಿದು ಯೋಜನೆಯನ್ನು ಮುಂದಕ್ಕೆ ತಂದ. 1873ರಲ್ಲಿ ನೀರು ಬಂತು. 1910ರಲ್ಲಿ ಎರಡನೇ ಕೊಳವೆ ಮಾರ್ಗವೂ ಆಯಿತು. ಬೆಟ್ಟದಿಂದ ಊರಿನವರೆಗೂ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತದೆ, ಪಂಪಿನ ಹಂಗಿಲ್ಲ. ಶ್ವಾರ್ಟ್ಸನ್‌ಬರ್ಗ್‌ಪ್ಲಾಟ್ಸ್‌ನಲ್ಲಿ ಎತ್ತರಕ್ಕೆ ಚಿಮ್ಮುವ ಕಾರಂಜಿ ಇದೆಯಲ್ಲ, ಅದು ಆ ನೀರು ಬಂದ ಸಂಭ್ರಮಕ್ಕೆ ಕಟ್ಟಿದ್ದು. ಟ್ಯಾಂಕರ್ ನೀರಿಗೆ ಕಾದು ಬೇಸಿಗೆ ಕಳೆಯುವ ಬೆಂಗಳೂರಿನವಳಾಗಿ ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ನೀವು ಹೋದರೆ ಬಾಟಲಿ ನೀರು ಕೊಳ್ಳಬೇಡಿ. ಒಂದು ಖಾಲಿ ಬಾಟಲಿ ಒಯ್ಯಿರಿ. ಬೀದಿ ನಲ್ಲಿಗಳು ಎಲ್ಲೆಡೆ ಇವೆ. ಕುಡಿಯಬಾರದ ನೀರಾದರೆ ‘ಕೈನ್ ಟ್ರಿಂಕ್‌ವಾಸರ್’ ಅಂತ ಬರೆದಿರುತ್ತಾರೆ.

ಕಾಫಿ ತಂದಾಗಲೂ ಅದೇ ನೀರು ಒಂದು ಲೋಟ ಪಕ್ಕದಲ್ಲಿರುತ್ತದೆ. ಪುಟ್ಟ ಲೋಹದ ತಟ್ಟೆ, ಕಾಫಿ, ನೀರು. ನಮ್ಮ ಫಿಲ್ಟರ್ ಕಾಫಿಗೆ ಹತ್ತಿರದ್ದು ಬೇಕಿದ್ದರೆ ‘ಮೆಲಾಂಜ್’ ಕೇಳಿ, ಹಾಲಿನ ನೊರೆ ಇರುತ್ತದೆ. ‘ಐನ್‌ಶ್ಪೆನರ್’ ಅಂದರೆ ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಮೇಲೆ ಕಡೆದ ಕೆನೆ. ಅಕ್ಕನಿಗೆ ಅದು ಬಹಳ ಹಿಡಿಸಿತು. ಒಂದು ಕಾಫಿ ತೆಗೆದುಕೊಂಡು ಇಡೀ ಮಧ್ಯಾಹ್ನ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಬಿಲ್ಲು ನೀವಾಗಿ ಕೇಳುವವರೆಗೂ ಬರುವುದಿಲ್ಲ. ಪೇಪರುಗಳನ್ನು ಮರದ ಹಿಡಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಕಾಫೆ ಸೆಂಟ್ರಾಲ್ ಮುಂದೆ ಪ್ರವಾಸಿಗಳ ಕ್ಯೂ ಇತ್ತು. ಹೊರಗಿನಿಂದ ನೋಡಿ, 1880ರಿಂದ ನಡೆಯುತ್ತಿರುವ ಕಾಫೆ ಸ್ಪೆರ್ಲ್‌ಗೆ ಹೋದೆವು. ಹಳೇ ಸೋಫಾ, ಅಮೃತಶಿಲೆಯ ಮೇಜು, ಬಿಲಿಯರ್ಡ್ಸ್. ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಾನು ಇದನ್ನೇ ಹೇಳುವುದು.

ಊಟದ ಬಗ್ಗೆ ಸಸ್ಯಾಹಾರಿಗಳು ಹೆದರಬೇಕಿಲ್ಲ, ಎಚ್ಚರ ಮಾತ್ರ ಬೇಕು. ಸೂಪು ಸಾಮಾನ್ಯವಾಗಿ ದನದ ಮಾಂಸದ ಸಾರಿನಲ್ಲಿ ಮಾಡಿದ್ದು, ಬರೀ ತರಕಾರಿಯಂತೆ ಕಂಡರೂ ಕೇಳಿ ನೋಡಿ. ರಸ್ತೆ ಬದಿಯ ಅಂಗಡಿಯ ‘ಕೇಸಕ್ರೈನರ್’ ಅನ್ನುವುದು ಒಳಗೆ ಚೀಸ್ ತುಂಬಿದ ಸಾಸೇಜ್, ಹೆಸರು ಕೇಳಿ ಚೀಸ್ ತಿಂಡಿ ಅಂದುಕೊಳ್ಳಬೇಡಿ. ‘ಕೇಸಷ್ಪೆಟ್ಸ್‌ಲೆ’ ಅಂದರೆ ಸಣ್ಣ ಹಿಟ್ಟಿನ ತುಣುಕಿಗೆ ಚೀಸ್ ಹಾಕಿ ಮೇಲೆ ಕರಿದ ಈರುಳ್ಳಿ. ಮೊಟ್ಟೆ ಇರುತ್ತದೆ, ಮಾಂಸ ಇರುವುದಿಲ್ಲ, ಹೊಟ್ಟೆ ತುಂಬುತ್ತದೆ. ಮೊಟ್ಟೆಯೂ ಬೇಡ ಅನ್ನುವವರಿಗೆ ಫಲಾಫೆಲ್ ಅಂಗಡಿಗಳಿವೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ. ಹಾಲು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ.

ಈಗ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಹೋಗುವ ಮೊದಲೇ ಇದೊಂದು ಮಾತ್ರ ತಪ್ಪಿಸಬಾರದು ಅಂತ ನಾನು ಗಟ್ಟಿ ಮಾಡಿಕೊಂಡಿದ್ದೆ. ಅಕ್ಕನಿಗೆ ಅನುಮಾನ.

“ಜರ್ಮನ್ ಬರಲ್ಲ, ಇಟಾಲಿಯನ್ ಬರಲ್ಲ. ಮೂರು ಗಂಟೆ ನಿಂತ್ಕೊಂಡು ಏನು ಮಾಡೋದೇ?” ಅಂದಳು.

“ಸಾಕಾದ್ರೆ ಮಧ್ಯೆ ಎದ್ದು ಬರೋಣ ಅಕ್ಕ, ಸುಮ್ನೆ ಬಾ” ಅಂದೆ.

ವಿಯೆನ್ನಾ ಸ್ಟೇಟ್ ಒಪೆರಾ 1869ರಲ್ಲಿ ತೆರೆದ ರಂಗಮಂದಿರ. ಒಳ್ಳೆಯ ಸೀಟಿನ ದರ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಆದರೆ ಪ್ರತಿ ಪ್ರದರ್ಶನಕ್ಕೂ 400ಕ್ಕೂ ಹೆಚ್ಚು ಜನಕ್ಕೆ ನಿಂತು ನೋಡುವ ಜಾಗ ಇಟ್ಟಿದ್ದಾರೆ, ಅದರ ದರ ಒಂದು ಸಾಧಾರಣ ಊಟದ ಆಸುಪಾಸು. ಅದೇ ದಿನ ಆನ್‌ಲೈನಿನಲ್ಲೂ ಸಿಗುತ್ತದೆ. ನಾವು ಪಕ್ಕದ ಬೀದಿಯ ಬಾಗಿಲಲ್ಲಿ ಕ್ಯೂ ನಿಂತೆವು. ಪರದೆ ಏಳುವುದಕ್ಕೆ 80 ನಿಮಿಷ ಮುಂಚೆ ಟಿಕೆಟ್ ಕೊಡಲು ಶುರು ಮಾಡುತ್ತಾರೆ. ಬೇಗ ಹೋದವರು ‘ಪಾರ್ಟೆರ್’ ಕೇಳಬೇಕು. ಅದು ನೆಲಮಟ್ಟದಲ್ಲಿ, ಹಿಂದೆ ರಾಜಮನೆತನದವರು ಕೂರುತ್ತಿದ್ದ ನಡುವಿನ ಬಾಕ್ಸಿನ ಕೆಳಗೆ, ರಂಗಕ್ಕೆ ನೇರ ಎದುರು. ಅಲ್ಲಿಂದ ಕಾಣುವ ನೋಟ ದುಬಾರಿ ಸೀಟುಗಳಿಗೂ ಇಲ್ಲ.

ಒಳಗೆ ಹೋದ ಮೇಲೆ ನಿಮ್ಮ ಜಾಗದ ಕಂಬಿಗೆ ಒಂದು ಶಾಲೋ ಕರವಸ್ತ್ರವೋ ಕಟ್ಟಿ. ಜಾಗ ನಿಮ್ಮದಾಯಿತು. ಹೊರಗೆ ಓಡಾಡಿ ಬಂದರೂ ಯಾರೂ ಮುಟ್ಟುವುದಿಲ್ಲ. ಅಕ್ಕ ತನ್ನ ಇಳಕಲ್ ಸೀರೆಗೆ ಹೊದ್ದಿದ್ದ ಶಾಲನ್ನೇ ಕಟ್ಟಿದಳು. ಪ್ರತಿ ಜಾಗದ ಮುಂದೆಯೂ ಒಂದು ಪುಟ್ಟ ಪರದೆ ಇದೆ, ಹಾಡಿನ ಅರ್ಥ ಅದರಲ್ಲಿ ಇಂಗ್ಲಿಷಿನಲ್ಲಿ ಬರುತ್ತದೆ. ಭಾಷೆಯ ಚಿಂತೆ ಅಲ್ಲಿಗೆ ಮುಗಿಯಿತು.

ಆ ರಾತ್ರಿ ಪುಚ್ಚೀನಿಯ ಟೋಸ್ಕಾ. 1958ರಲ್ಲಿ ಹೊಸದಾಗಿ ರಂಗಕ್ಕೆ ತಂದ ರೂಪವನ್ನೇ ಇವತ್ತಿಗೂ ಆಡಿಸುತ್ತಿದ್ದಾರೆ. ಅದನ್ನು ಮೊದಲು ನಡೆಸಿಕೊಟ್ಟವನು ವಾದ್ಯವೃಂದದ ನಿರ್ದೇಶಕ ಹರ್ಬರ್ಟ್ ಫಾನ್ ಕರಾಯಾನ್. ಒಪೆರಾದ ಪಕ್ಕದ ಚೌಕಕ್ಕೆ ಅವನದೇ ಹೆಸರು. ಅಲ್ಲಿ ನಿಂತಾಗ ನನಗೆ ಮೈಸೂರಿನ ನೆನಪಾಯಿತು. ಜಯಚಾಮರಾಜ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತ ಅಂದರೆ ಪ್ರಾಣ. ಮಹಾಯುದ್ಧ ಮುಗಿದ ಮೇಲಿನ ಕಷ್ಟದ ದಿನಗಳಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಹಣ ಕೊಟ್ಟು ನಿಂತವರು ಅವರು. ಕರಾಯಾನ್ ಆ ಕಾಲದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದದ್ದು ಅದೇ ವಾದ್ಯವೃಂದದ ಜೊತೆ. 1919ರಿಂದ 1924ರವರೆಗೆ ಇದೇ ಒಪೆರಾದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬನಾಗಿದ್ದ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದಾಗಲೂ ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರು ಒಡೆಯರ್. ಇದನ್ನು ಅಕ್ಕನಿಗೆ ಹೇಳಿದೆ. “ನಮ್ಮ ಮಹಾರಾಜರಾ!” ಅಂದಳು, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ.

ನಿಂತು ನೋಡುವವರಲ್ಲಿ ಪ್ರವಾಸಿಗಳು ಅರ್ಧ, ಊರಿನ ಹಿರಿಯರು ಅರ್ಧ. ಆ ಹಿರಿಯರಿಗೆ ಪ್ರತಿ ಸ್ವರವೂ ಗೊತ್ತು. ಯಾವ ಹಾಡುಗಾರ್ತಿ ಯಾವ ವರ್ಷ ಇದನ್ನು ಹೇಗೆ ಹಾಡಿದ್ದಳು ಅಂತ ವಿರಾಮದಲ್ಲಿ ವಾದ ಮಾಡುತ್ತಾರೆ. ಚೌಕಿಯ ಹತ್ತಿರ ಕೂತು ಹಳೇ ಭಾಗವತರನ್ನು ನೆನೆಯುವ ಯಕ್ಷಗಾನದ ಅಭಿಮಾನಿಗಳೇ ಇವರು ಅನ್ನಿಸಿತು. ಎರಡನೇ ಅಂಕದಲ್ಲಿ ನಾಯಕಿ ಟೋಸ್ಕಾ ಹಾಡುವಾಗ ಇಡೀ ಮಂದಿರ ಉಸಿರು ಬಿಗಿಹಿಡಿದಿತ್ತು. ಮೈಕ್ ಇಲ್ಲ. ಬರೀ ಒಬ್ಬ ಹೆಂಗಸಿನ ದನಿ ಅಷ್ಟು ದೊಡ್ಡ ಜಾಗವನ್ನು ತುಂಬುತ್ತದೆ. ಮಧ್ಯೆ ಎದ್ದು ಬರುವ ಮಾತನ್ನು ಅಕ್ಕ ಮತ್ತೆ ಎತ್ತಲೇ ಇಲ್ಲ. ಕಾಲು ನೋವಿನ ವಿಷಯ ಹೇಳಿಬಿಡುತ್ತೇನೆ: ನೋಯುತ್ತದೆ. ಮೆತ್ತನೆ ಚಪ್ಪಲಿಯೋ ಬೂಟೋ ಹಾಕಿ. ಜುಲೈ, ಆಗಸ್ಟ್‌ನಲ್ಲಿ ಒಪೆರಾಕ್ಕೆ ರಜೆ, ಅದನ್ನು ನೋಡಿಕೊಂಡು ಟಿಕೆಟ್ ಬುಕ್ ಮಾಡಿ.

ಚಿತ್ರಗಳಿಗೆ ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂ ಒಂದೇ ಸಾಕು. ಪೀಟರ್ ಬ್ರೂಗಲ್‌ನ ಚಿತ್ರಗಳು ಇಲ್ಲಿರುವಷ್ಟು ಜಗತ್ತಿನ ಇನ್ನೆಲ್ಲೂ ಇಲ್ಲ. ಹಿಮದಲ್ಲಿ ನಾಯಿಗಳ ಜೊತೆ ಮನೆಗೆ ಮರಳುತ್ತಿರುವ ಬೇಟೆಗಾರರು, ರೈತರ ಮದುವೆ ಊಟ, ಬಾಬೆಲ್ ಗೋಪುರ. ಚಕ್ರವರ್ತಿಗಳು ಕೊಂಡು ಕೂಡಿಟ್ಟದ್ದರಲ್ಲಿ ಕಾಣುವುದು ಹಳ್ಳಿಯ ಜನ! ಉಳಿದ ಕೋಣೆಗಳನ್ನು ಬೇಗ ದಾಟಿ ಇಲ್ಲಿ ಕೂರಿ. ಶ್ಯೋನ್‌ಬ್ರುನ್ ಅರಮನೆಯಲ್ಲಿ 1,441 ಕೋಣೆಗಳಿವೆ. ನಾವು ಒಂದಕ್ಕೂ ಹೋಗಲಿಲ್ಲ. ತೋಟಕ್ಕೆ ಟಿಕೆಟ್ ಇಲ್ಲ, ಬೆಳಗ್ಗೆ ಬೇಗ ತೆರೆಯುತ್ತದೆ, ಓಟಕ್ಕೆ ಬರುವ ಊರಿನವರ ನಡುವೆ ಗ್ಲೋರಿಯೆಟ್ ಮಂಟಪದವರೆಗೆ ಹತ್ತಿ ಇಳಿದೆವು. ಪ್ರಾಟರ್ ಅನ್ನುವ ಉದ್ಯಾನ ಕೂಡ ಹಾಗೆಯೇ. ರಾಜರ ಬೇಟೆ ಕಾಡಾಗಿದ್ದದ್ದನ್ನು 1766ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಜನಕ್ಕೆ ತೆರೆದ. ಅಲ್ಲಿನ ದೊಡ್ಡ ತಿರುಗುವ ಚಕ್ರ 1897ರದ್ದು.

ಇಷ್ಟೆಲ್ಲ ಸೊಗಸಿನ ನಡುವೆ ಯೂಡನ್‌ಪ್ಲಾಟ್ಸ್‌ಗೆ ಹೋಗದೆ ಬರಬೇಡಿ. ಹಳೇ ಊರಿನ ಸಣ್ಣ ಚೌಕ. ನಡುವೆ ಕಾಂಕ್ರೀಟಿನ ಒಂದು ಕೋಣೆ. ಅದರ ಗೋಡೆಗಳು ಪುಸ್ತಕದ ಕಪಾಟುಗಳ ಹಾಗಿವೆ, ಆದರೆ ಪುಸ್ತಕಗಳ ಬೆನ್ನು ಒಳಗಡೆಗೆ, ಯಾವ ಪುಸ್ತಕ ಅಂತ ಗೊತ್ತಾಗುವುದಿಲ್ಲ. ಬಾಗಿಲಿಗೆ ಹಿಡಿ ಇಲ್ಲ. ನಾಜಿಗಳು ಕೊಂದ 65,000 ಆಸ್ಟ್ರಿಯನ್ ಯಹೂದಿಗಳ ನೆನಪಿಗೆ ಶಿಲ್ಪಿ ರೇಚಲ್ ವೈಟ್‌ರೀಡ್ ಮಾಡಿದ ಸ್ಮಾರಕ ಇದು, 2000ದಲ್ಲಿ ತೆರೆಯಿತು. ಸ್ವಲ್ಪ ದೂರದ ಹೆಲ್ಡನ್‌ಪ್ಲಾಟ್ಸ್‌ನಲ್ಲಿ 1938ರ ಮಾರ್ಚ್ 15ರಂದು ಹಿಟ್ಲರ್ ಅರಮನೆಯ ಮೊಗಸಾಲೆಯಿಂದ ಮಾತಾಡಿದಾಗ ಲಕ್ಷಾಂತರ ಜನ ಜೈಕಾರ ಹಾಕಿದ್ದರು. ಎರಡೂ ಜಾಗಗಳನ್ನು ಒಂದೇ ದಿನ ನಡೆದು ನೋಡಿ.

ಕೊನೆಗೆ ಯು4 ಮೆಟ್ರೋ ಹಿಡಿದು ಹೈಲಿಗನ್‌ಸ್ಟಾಟ್ ಅನ್ನುವ ಕೊನೆಯ ನಿಲ್ದಾಣಕ್ಕೆ ಹೋಗಿ. ಹೊರಗೆ ಬಂದರೆ ಎದುರಿಗೇ ಕಾರ್ಲ್ ಮಾರ್ಕ್ಸ್ ಹೋಫ್. ಒಂದು ಕಿಲೋಮೀಟರಿಗೂ ಉದ್ದದ ವಸತಿ ಕಟ್ಟಡ, ದೊಡ್ಡ ದೊಡ್ಡ ಕಮಾನುಗಳು, 1930ರಲ್ಲಿ ತೆರೆದದ್ದು. ಮೊದಲ ಮಹಾಯುದ್ಧದ ನಂತರ ಊರಿನ ಕಾರ್ಮಿಕರಿಗೆ ಮನೆಯೇ ಇರಲಿಲ್ಲ. ನಗರಸಭೆ ಸ್ಥಿತಿವಂತರ ಮೇಲೆ ಹೆಚ್ಚು ಬೀಳುವ ತೆರಿಗೆ ಹಾಕಿ ಸಾವಿರಾರು ಮನೆ ಕಟ್ಟಿಸಿತು. ಒಳಗೆ ಅಂಗಳ, ಬಟ್ಟೆ ಒಗೆಯುವ ಜಾಗ, ಶಿಶುವಿಹಾರ, ಗ್ರಂಥಾಲಯ. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಸರ್ಕಾರದ ಸೇನೆ ಇದರ ಮೇಲೆ ಫಿರಂಗಿ ಹಾರಿಸಿತ್ತು. ಇವತ್ತಿಗೂ ಅದರಲ್ಲಿ ಜನ ಬಾಡಿಗೆಗಿದ್ದಾರೆ. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು, ಆದ್ದರಿಂದ ಸದ್ದು ಮಾಡದೆ ನೋಡಿ, ಮನೆಗಳ ಫೋಟೊ ತೆಗೆಯಬೇಡಿ. ಅರಮನೆಗಿಂತ ಇದನ್ನು ನೋಡಿದಾಗಲೇ ಈ ಊರಿನ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು.

ಅದೇ ನಿಲ್ದಾಣದಿಂದ 38ಎ ಬಸ್ಸು ದ್ರಾಕ್ಷಿ ತೋಟಗಳ ನಡುವೆ ಕಾಲೆನ್‌ಬರ್ಗ್ ಗುಡ್ಡಕ್ಕೆ ಹತ್ತುತ್ತದೆ. ನಿಮ್ಮ ಪಾಸಿನಲ್ಲೇ ಹೋಗಬಹುದು. 1683ರಲ್ಲಿ ತುರ್ಕರ ಮುತ್ತಿಗೆಯಿಂದ ಊರನ್ನು ಬಿಡಿಸಿದ ಸೇನೆ ಇಲ್ಲಿಂದಲೇ ಇಳಿದು ಬಂದದ್ದು. ಮೇಲಿನಿಂದ ಡ್ಯಾನ್ಯೂಬ್ ನದಿ, ಪೂರ್ತಿ ಊರು ಕಾಣುತ್ತವೆ. ಬೆಳಕು ಚೆನ್ನಾಗಿರುವ ಮಧ್ಯಾಹ್ನ ಹೋಗಿ, ಗಾಳಿ ಜೋರು, ಸ್ವೆಟರ್ ಇರಲಿ. ವಾಪಸ್ ಬರುವ ಬಸ್ಸಿನ ಸಮಯವನ್ನು ಮೇಲೆ ಇಳಿದ ತಕ್ಷಣ ನಿಲ್ದಾಣದ ಫಲಕದಲ್ಲಿ ನೋಡಿಟ್ಟುಕೊಳ್ಳಿ.