‘ಬೊಡ್ಚಿ’ ಅಂದದ್ದು ರೆಕಾರ್ಡಿನಲ್ಲಿ ಏನಾಯ್ತು

ನಮ್ಮ ಕಾಸರಗೋಡಿನಲ್ಲಿ ಸಾಕ್ಷಿಗಳು ತುಳುವಿನಲ್ಲೋ ಕನ್ನಡದಲ್ಲೋ ಹೇಳ್ತಾರೆ, ರೆಕಾರ್ಡು ಮಲಯಾಳದಲ್ಲಿ ಆಗ್ತದೆ. ಜಾಗದ ಕೇಸಿನಲ್ಲಾದ್ರೆ ಹೇಗೋ ನಡೀತದೆ. ಬುದ್ಧಿ ಬೆಳೆಯದ ಹುಡುಗಿಯ ರೇಪ್ ಕೇಸಿನಲ್ಲಿ ಒಂದು ಶಬ್ದ ಆಚೀಚೆ ಆದ್ರೆ ಏನಾಗ್ತದೆ ಅಂತ ಲಾಯರಾದ ನನಗೆ ಗೊತ್ತಾದದ್ದು ಒಂದು ಅಪೀಲಿನಲ್ಲಿ. (ಗುರುತು ಸಿಗುವ ವಿವರ ಯಾವುದೂ ಬರೆಯುವುದಿಲ್ಲ, ಬರೆಯಲೂ ಬಾರದು.)

ಹುಡುಗಿಗೆ ವಯಸ್ಸು 23, ಐಕ್ಯೂ 58. ಮನಸ್ಸಿನ ವಯಸ್ಸು ಚಿಕ್ಕದು ಅಂತ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು) ಹಾಕ್ಲಿಕ್ಕೆ ಆಗುವುದಿಲ್ಲ, 2017ರ ಈರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹುಟ್ಟಿದ ದಿನದಿಂದ ಲೆಕ್ಕ ಹಾಕುವ ವಯಸ್ಸೇ ವಯಸ್ಸು ಅಂದಿದೆ. ಹಾಗಾಗಿ ಹಾಕಿದ್ದು ಐಪಿಸಿ 376(2)(ಎಲ್), ಮನಸ್ಸಿನ ಅಥವಾ ದೇಹದ ವೈಕಲ್ಯ ಇರುವ ಹೆಂಗಸಿನ ರೇಪಿನ ಕಲಮು. ಡಿಎನ್‌ಎ ಇತ್ತು, ತಕರಾರು ಒಪ್ಪಿಗೆಯದ್ದು ಮಾತ್ರ. ಅವಳು ಅಂಗಡಿಗೆ ಹೋಗಿ ಸಾಮಾನು ತರ್ತಾಳೆ, ಚಿಲ್ಲರೆ ಎಣಿಸ್ತಾಳೆ, ಬೊಬ್ಬೆ ಹಾಕಲಿಲ್ಲ, ಮೈಮೇಲೆ ಗಾಯ ಇಲ್ಲ, ಅಂತ ಕೆಳಗಿನ ಕೋರ್ಟು ಆರೋಪಿಯನ್ನು ಬಿಟ್ಟಿತು. ವಿರೋಧಿಸದೆ ಇದ್ದದ್ದೇ ಒಪ್ಪಿಗೆ ಅಲ್ಲ ಅಂತ 2013ರಲ್ಲೇ ರೇಪ್ ಅಂದ್ರೆ ಏನು ಅಂತ ಹೇಳುವ ಐಪಿಸಿ 375ಕ್ಕೆ ಸೇರಿಸಿದ್ದಾರೆ, ಅದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ.

ಮನೆಯವರು ಸಿಆರ್‌ಪಿಸಿ 372ರ ಪ್ರೊವಿಸೋದಲ್ಲಿ (ಸಂತ್ರಸ್ತರ ಕಡೆಯವರಿಗೂ ಅಪೀಲಿನ ಹಕ್ಕು ಕೊಡುವ ಭಾಗ) ಅಪೀಲು ಹಾಕಿದ್ರು. ನಾನು ಗ್ರೌಂಡ್ಸ್ (ಅಪೀಲಿನ ಕಾರಣಗಳು) ತುಂಬ ಐಕ್ಯೂ ತುಂಬಿಸಿದ್ದೆ. ಎರ್ನಾಕುಳಂನ ಸೀನಿಯರ್ ಲಾಯರು ಓದಿ ಅರ್ಧಕ್ಕರ್ಧ ಗೀಟು ಹಾಕಿ, "ಇಷ್ಟು ಬುದ್ಧಿ ಇಲ್ಲದವಳ ಸಾಕ್ಷಿ ನಂಬುದು ಹೇಗೆ ಅಂತ ಆಚೆಯವರು ಕೇಳಿದ್ರೆ ಏನು ಹೇಳ್ತಿ ಮಾರಾಯ?" ಅಂದ್ರು. ಅಡಕತ್ತರಿಯ ಬಾಯಿಗೆ ಸಿಕ್ಕಿದ ಹಾಗೆ, ಅವಳು ಸರಿಯಾಗಿ ಸಾಕ್ಷಿ ಹೇಳಿದ್ರೆ "ಎಲ್ಲ ಗೊತ್ತಿತ್ತು, ಒಪ್ಪಿದಳು", ತಡವರಿಸಿದ್ರೆ "ಸಾಕ್ಷಿ ಹೇಳ್ಲಿಕ್ಕೇ ಯೋಗ್ಯಳಲ್ಲ". ಎರಡೂ ಬೇರೆ ಪ್ರಶ್ನೆ ಅಂತ ಬಿಡಿಸಿ ತೋರಿಸ್ಬೇಕು. ಸಾಕ್ಷಿಗೆ ಎವಿಡೆನ್ಸ್ ಆಕ್ಟಿನ 118ರ ಪ್ರಕಾರ ಕೇಳಿದ್ದು ಅರ್ಥ ಆಗಿ ಉತ್ತರ ಕೊಟ್ರೆ ಸಾಕು. 375ರ ಐದನೇ ಕಲಮು ಕೇಳುವುದು ಆ ಕೃತ್ಯದ ಸ್ವರೂಪ, ಪರಿಣಾಮ ತಿಳಿದಿತ್ತಾ ಅಂತ. ಚಿಲ್ಲರೆ ಎಣಿಸುವುದಕ್ಕೂ ಅದಕ್ಕೂ ಏನು ಸಂಬಂಧ?

ಇದಕ್ಕೆ ಉತ್ತರ ಸಿಕ್ಕಿದ್ದು ಬಡ್ಸ್ ಸ್ಕೂಲಿನ (ಬುದ್ಧಿ ಬೆಳೆಯದವರ ಶಾಲೆ) ಟೀಚರ ಸಾಕ್ಷಿಯಲ್ಲಿ. ಪ್ರತೀ ತಿಂಗಳು ಮುಟ್ಟಾದಾಗ ಗಾಯ ಆಯ್ತು ಅಂತ ಅಳ್ತಾಳೆ, ವರ್ಷಗಟ್ಟಲೆ ಹೇಳಿಕೊಟ್ಟರೂ ತಲೆಗೆ ಹೋಗುವುದಿಲ್ಲ ಅಂದಿದ್ರು. ಒಂದೇ ಸಾಲು, ಯಾರೂ ಗಮನಿಸಿರಲಿಲ್ಲ. ಅದರ ಜೊತೆ 2020ರ ಚಮನ್ ಲಾಲ್ ತೀರ್ಪು ಇಟ್ಟೆವು, ಅಲ್ಲಿ ಐಕ್ಯೂ 62, ಕೆಳಗೆ ಬಿಡುಗಡೆ, ಹೈಕೋರ್ಟಿನಲ್ಲಿ ಶಿಕ್ಷೆ, ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿತ್ತು. ಆದ್ರೂ ಬಿಡುಗಡೆಯ ವಿರುದ್ಧ ಅಪೀಲು ಅಂದ್ರೆ ಕಷ್ಟ ಉಂಟು, 2007ರ ಚಂದ್ರಪ್ಪ ತೀರ್ಪಿನ ಪ್ರಕಾರ ಆರೋಪಿ ನಿರಪರಾಧಿ ಅನ್ನುವ ಊಹೆ ಇಮ್ಮಡಿ ಆಗಿರ್ತದೆ, ಎರಡು ಅಭಿಪ್ರಾಯ ಸಾಧ್ಯ ಇದ್ರೆ ಮೇಲಿನ ಕೋರ್ಟು ಕೈ ಹಾಕುವುದಿಲ್ಲ, ಕೆಳಗಿನವರು ಯಾವ ಸಾಕ್ಷ್ಯ ನೋಡದೆ ಬಿಟ್ಟರು ಅಂತ ಬೆರಳಿಟ್ಟು ತೋರಿಸ್ಬೇಕು.

ಹಾಗೆ ನೋಡದೆ ಬಿಟ್ಟದ್ದು ಸಿಆರ್‌ಪಿಸಿ 164ರಲ್ಲಿ ಅವಳು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯ ವಿಡಿಯೋ. ಅಂಗವಿಕಲರ ಹೇಳಿಕೆ ವಿಡಿಯೋ ಮಾಡ್ಬೇಕು, ಚೀಫ್ (ಕೋರ್ಟಿನಲ್ಲಿ ಮಾಡುವ ಮುಖ್ಯ ವಿಚಾರಣೆ) ಬದಲಿಗೆ ಅದನ್ನೇ ತಗೊಳ್ಬೇಕು ಅಂತ ಕಾನೂನೇ ಉಂಟು. ಬರಹದಲ್ಲಿ ಮಲಯಾಳದ "ಇಷ್ಟಮಾಯಿಲ್ಲ" ಇತ್ತು. ಆಮೇಲೆ ಇಷ್ಟ ಆಗದ್ದು ಬೇರೆ, ಆಗ ಒಪ್ಪಿದ್ದು ಬೇರೆ ಅಂತ ಆರೋಪಿಯ ಲಾಯರು ಅದನ್ನೇ ಹಿಡಿದು ಗೆದ್ದದ್ದು. ವಿಡಿಯೋದ ಸೀಡಿಗೆ ಕೋರ್ಟಿನ ದಾಖಲೆ ನಂಬರು ಬಿದ್ದಿತ್ತು, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ 65ಬಿ ಸರ್ಟಿಫಿಕೇಟೂ ಇತ್ತು. ನಾನು ಹಾಕಿ ಕೇಳಿದೆ. ಅವಳು ಹೇಳಿದ್ದು ತುಳುವಿನಲ್ಲಿ, "ಬೊಡ್ಚಿ ಪಂಡೆ". ಬೇಡ ಅಂದೆ! ಈ ಒಂದು ಮಾತಿದ್ರೆ ಎವಿಡೆನ್ಸ್ ಆಕ್ಟಿನ 114ಎ ಪ್ರಕಾರ ಒಪ್ಪಿಗೆ ಇರಲಿಲ್ಲ ಅಂತ ಕೋರ್ಟು ಊಹಿಸ್ಲೇಬೇಕು, ಅಲ್ಲ ಅಂತ ತೋರಿಸುವ ಭಾರ ಆಚೆಯವರಿಗೆ.

ಬಿಡುಗಡೆ ರದ್ದಾಯ್ತು, 10 ವರ್ಷ ಶಿಕ್ಷೆ ಆಯ್ತು. 2024ರ ಜುಲೈ 1ರಿಂದ ನಡೆದ ಅಪರಾಧಗಳಿಗೆ ಕಲಮುಗಳ ನಂಬರು ಬದಲಾಗಿದೆ, 376(2)(ಎಲ್) ಈಗ ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ) 64(2)(ಕೆ), 114ಎ ಈಗ ಬಿಎಸ್ಎ (ಭಾರತೀಯ ಸಾಕ್ಷ್ಯ ಅಧಿನಿಯಮ) 120. ನಾನೀಗ ಟ್ರಯಲ್ ದಿನವೇ ಎದ್ದು ನಿಂತು, ಸಾಕ್ಷಿ ಹೇಳಿದ ಶಬ್ದವನ್ನು ಹಾಗೆಯೇ ಬರೆದು ಅನುವಾದ ಪಕ್ಕದಲ್ಲಿ ಹಾಕಿ ಅಂತ ಕೇಳ್ತೇನೆ. ಕೆಲವು ಜಡ್ಜ್‌ಗಳಿಗೆ ಕಿರಿಕಿರಿ ಆಗ್ತದೆ.