ಕುಂಡದ ಕರಿಬೇವು ಬರೀ ಕೋಲಾಗದಿರಲು

ನೆಟ್ಟು ಮೂರು ವರ್ಷ. ಗಿಡ ಸೊಂಟದೆತ್ತರ ಬಂದಿದೆ, ಆದರೆ ತುದಿಯಲ್ಲಿ ಏಳೆಂಟು ಎಸಳು ಬಿಟ್ಟರೆ ಉಳಿದದ್ದು ಬರೀ ಕೋಲು. ಊರಿನ ಬಾಲ್ಕನಿಗಳಲ್ಲಿ ಕಾಣುವ ಕರಿಬೇವುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. "ಹುಳಿ ಮಜ್ಜಿಗೆ ಹಾಕ್ರೀ" ಎನ್ನುತ್ತಾರೆ ಪಕ್ಕದ ಮನೆಯವರು. "ಕರಿಬೇವು ಎಲ್ರ ಕೈಗೂ ಹತ್ತಲ್ಲ" ಎನ್ನುತ್ತಾರೆ ಅತ್ತೆ. ಕೈಗುಣದ ಮಾತು ಬಿಡಿ. ಗಿಡ ಹೀಗಾಗುವುದಕ್ಕೆ ಹೆಚ್ಚಾಗಿ ಎರಡೇ ಕಾರಣ: ನೀರು ಅತಿಯಾಗಿದೆ, ಕತ್ತರಿ ಒಮ್ಮೆಯೂ ತಾಗಿಲ್ಲ.

ಸಸಿ ಆರಿಸುವುದು

ನರ್ಸರಿಯಲ್ಲಿ ಮೊದಲು ಒಂದು ಎಲೆ ಹರಿದು, ಬೆರಳಲ್ಲಿ ಉಜ್ಜಿ ಮೂಸಿ. ಘಮ ಮೂಗಿಗೆ ಹೊಡೆಯಬೇಕು. ಬೀಜದಿಂದ ಬಂದ ಸಸಿಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಕೆಲವು ನೋಡಲು ಸೊಗಸಾಗಿರುತ್ತವೆ, ಒಗ್ಗರಣೆಗೆ ಹಾಕಿದರೆ ಹುಲ್ಲು ಹಾಕಿದಂತೆ. ಧಾರವಾಡದಲ್ಲಿ ಆಯ್ಕೆಯಾದ ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ತಳಿಗಳು ಸಿಕ್ಕರೆ ಒಳ್ಳೆಯದು. ಮೊದಲನೆಯದು ಚಳಿಗಾಲದಲ್ಲಿ ಚಿಗುರುವುದನ್ನು ಕಡಿಮೆ ಮಾಡುತ್ತದೆ, ಎರಡನೆಯದು ಚಳಿಗೆ ಅಷ್ಟಾಗಿ ಜಗ್ಗುವುದಿಲ್ಲ.

ದಟ್ಟವಾಗಿ ಕಾಣುವ ಕವರ್ ನೋಡಿ ಮರುಳಾಗಬೇಡಿ. ಒಂದೇ ಕವರಿಗೆ ನಾಲ್ಕೈದು ಬೀಜ ಹಾಕಿ ಬೆಳೆಸಿರುತ್ತಾರೆ, ಅದು ಒಂದು ಗಿಡದ ಪೊದೆಯಲ್ಲ. ಹಾಗೇ ನೆಟ್ಟರೆ ಐದೂ ಒಂದಕ್ಕೊಂದು ಜಗಳವಾಡುತ್ತ ಐದು ಕಡ್ಡಿಗಳಾಗಿ ಉಳಿಯುತ್ತವೆ. ಬಿಡಿಸಿ ನೆಡಲು ಎಳೆದಾಡಿದರೆ ಬೇರು ಹರಿಯುತ್ತದೆ. ದಪ್ಪ ಕಾಂಡದ್ದೊಂದನ್ನು ಉಳಿಸಿ, ಮಿಕ್ಕವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿಬಿಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಮಾಡಿ.

ಪರಿಚಯದವರ ಹಿತ್ತಲಲ್ಲಿ ಒಳ್ಳೆಯ ಮರ ಇದ್ದರೆ ನರ್ಸರಿಗೆ ಹೋಗುವುದೇ ಬೇಡ. ಬುಡದ ಸುತ್ತ ಬೇರಿನಿಂದ ಎದ್ದ ಮರಿಗಳು ಇರುತ್ತವೆ. ಮಳೆಗಾಲ ಶುರುವಾದ ಮೇಲೆ, ಒಂದಡಿ ಎತ್ತರದ ಮರಿಯನ್ನು ತಾಯಿಬೇರಿಗೆ ಸೇರಿಸುವ ಬೇರನ್ನು ಸಲಿಕೆಯಿಂದ ಕಡಿದು, ಎರಡು ಮೂರು ವಾರ ಅಲ್ಲೇ ಬಿಡಿ. ಅಷ್ಟರಲ್ಲಿ ಅದು ಸ್ವಂತ ಬೇರು ಬಿಟ್ಟುಕೊಳ್ಳುತ್ತದೆ. ಆಮೇಲೆ ಮಣ್ಣಿನ ಹೆಂಟೆ ಸಮೇತ ಎತ್ತಿ. ಕಡಿದ ದಿನವೇ ಕಿತ್ತು ತಂದ ಮರಿಗಳು ಬಾಡುವುದೇ ಹೆಚ್ಚು. ಬೀಜದಿಂದ ಬೆಳೆಸುವುದಾದರೆ ಕಪ್ಪಗೆ ಹಣ್ಣಾದದ್ದನ್ನೇ ಆರಿಸಿ, ತಿರುಳು ತೊಳೆದು, ಒಣಗಿಸದೆ ಅದೇ ವಾರದಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ. ಸುಮಾರು ಮೂರು ವಾರಕ್ಕೆ ಮೊಳಕೆ. ಈ ಬೀಜ ಒಣಗಿತೆಂದರೆ ಸತ್ತಿತು, ಆದ್ದರಿಂದ ಪೊಟ್ಟಣದಲ್ಲಿ ಮಾರುವ ಒಣ ಬೀಜಕ್ಕೆ ದುಡ್ಡು ಹಾಕಬೇಡಿ. ಕಡ್ಡಿ ನೆಟ್ಟು ಬೇರು ಬರಿಸುವ ಸಾಹಸವೂ ಬೇಡ, ಬರುವುದು ಅಪರೂಪ.

ಕುಂಡ, ಮಣ್ಣು

ಸಣ್ಣ ಸಸಿಯನ್ನು ನೇರವಾಗಿ ಡ್ರಮ್ಮಿನಲ್ಲಿ ನೆಡುವುದು ಸಾಮಾನ್ಯ ತಪ್ಪು. ಬೇರು ಹಿಡಿಯಷ್ಟು, ಮಣ್ಣು ಮೂಟೆಯಷ್ಟು. ಹಾಕಿದ ನೀರನ್ನು ಕುಡಿಯುವವರಿಲ್ಲದೆ ಮಣ್ಣು ವಾರಗಟ್ಟಲೆ ಒದ್ದೆಯಾಗಿದ್ದು ಬೇರು ಕೊಳೆಯುತ್ತದೆ. ಮೊದಲು 10ರಿಂದ 12 ಇಂಚಿನ ಕುಂಡ, ಒಂದೂವರೆ ಎರಡು ವರ್ಷಕ್ಕೆ 16ರಿಂದ 18 ಇಂಚು, ಮನೆಖರ್ಚಿಗೆ ಅಷ್ಟೇ ಸಾಕು. ತಳದಲ್ಲಿ ಬೆರಳು ತೂರುವಷ್ಟು ದೊಡ್ಡ ನಾಲ್ಕು ತೂತಾದರೂ ಇರಲಿ. ಅವುಗಳ ಮೇಲೆ ಒಡೆದ ಮಡಕೆ ಚೂರು ಬೋರಲಾಗಿಡಿ.

ಮಣ್ಣಿನ ಲೆಕ್ಕ ಸುಲಭ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಮರಳು ಸಿಗದೆ ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ಧೂಳು ತೆಗೆಯಿರಿ. ಆ ಧೂಳು ಕೆಂಪು ಮಣ್ಣಿನೊಂದಿಗೆ ಸೇರಿ ಎರಡೇ ತಿಂಗಳಲ್ಲಿ ಗಾರೆಯ ಹಾಗೆ ಕಟ್ಟಿಕೊಳ್ಳುತ್ತದೆ. ತಾರಸಿಗೆ ಭಾರ ಎಂದು ಕೊಕೊಪೀಟನ್ನೇ (ತೆಂಗಿನ ನಾರಿನ ಪುಡಿ) ತುಂಬುವವರೂ ಇದ್ದಾರೆ. ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ತೊಟ್ಟಿಕ್ಕುತ್ತಿರುತ್ತದೆ. ಕಾಲು ಪಾಲಿಗಿಂತ ಹೆಚ್ಚು ಬೇಡ.

ನೆಡುವಾಗ ಕವರಿನ ಮಣ್ಣಿನ ಉಂಡೆ ಕಲ್ಲಿನಂತಿದ್ದರೆ ಅರ್ಧ ಗಂಟೆ ಬಕೆಟ್ ನೀರಿನಲ್ಲಿಟ್ಟು ಮೆತ್ತಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ಮುಂದೆ ಹಾಕುವ ನೀರೆಲ್ಲ ಉಂಡೆಯ ಸುತ್ತಲಿಂದ ಇಳಿದುಹೋಗಿ ಒಳಗಿನ ಬೇರು ಒಣಗಿಯೇ ಇರುತ್ತದೆ. ನೆಟ್ಟು ಒಂದು ವಾರ ನೆರಳು, ಆಮೇಲೆ ದಿನಕ್ಕೆ ಐದಾರು ಗಂಟೆ ಬಿಸಿಲು. ಬಿಸಿಲಿಲ್ಲದ ಕಡೆ ಗಿಡ ಸಾಯದು, ಘಮವಿಲ್ಲದೆ ಉದ್ದುದ್ದ ಬೆಳೆಯುತ್ತದೆ ಅಷ್ಟೆ.

ನೀರು

ತೋರುಬೆರಳನ್ನು ಎರಡು ಗಿಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತಂಪು ತಾಗಿದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ಬೇಸಿಗೆಯಲ್ಲಿ ಇದು ದಿನವೂ ಆಗಬಹುದು, ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ಸಾಕಾಗಬಹುದು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ.

ಎಲೆ ಜೋತುಬಿದ್ದರೆ ಕೈ ನೇರವಾಗಿ ಚೊಂಬಿಗೆ ಹೋಗುತ್ತದೆ. ಆದರೆ ಬೇರು ಕೊಳೆತ ಗಿಡವೂ ನೀರೆಳೆಯಲಾಗದೆ ಹಾಗೇ ಜೋಲುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಬಾಡಿದೆಯೆಂದರೆ ನೀರು ನಿಲ್ಲಿಸಿ, ಕುಂಡವನ್ನು ನೆರಳಿಗೆ ಸರಿಸಿ, ತೂತು ಮುಚ್ಚಿದೆಯೇ ನೋಡಿ.

ಮನೆಯ ಆರ್‌ಒ ಯಂತ್ರ ಹೊರಹಾಕುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಕ್ಕೆ ಸುರಿಯುವ ಅಭ್ಯಾಸ ಈಗ ಹಲವರಿಗಿದೆ. ಅದು ಉಪ್ಪು ಇನ್ನಷ್ಟು ಗಟ್ಟಿಯಾದ ನೀರು, ನೆಲ ಒರೆಸಲು ಇಟ್ಟುಕೊಳ್ಳಿ. ಎಸಿಯಿಂದ ತೊಟ್ಟಿಕ್ಕುವ ನೀರು ಮತ್ತು ಮಳೆನೀರು ಮಾತ್ರ ಕರಿಬೇವಿಗೆ ಹಬ್ಬ.

ಕತ್ತರಿ

ಕೋಲಿನ ತುದಿಯಲ್ಲಿ ಕುಡಿ ಇರುವವರೆಗೆ ಕೆಳಗಿನ ಕಣ್ಣುಗಳು ಏಳುವುದಿಲ್ಲ. ಕುಡಿ ತನ್ನ ರಸದಿಂದಲೇ ಅವನ್ನು ತಡೆದಿಟ್ಟಿರುತ್ತದೆ. ಅದನ್ನು ತೆಗೆದ ಕೂಡಲೇ ಕೆಳಗಿನ ಎರಡು ಮೂರು ಕಣ್ಣು ಒಟ್ಟಿಗೆ ಒಡೆಯುತ್ತವೆ. ಪೊದೆ ಕಟ್ಟುವ ಗುಟ್ಟು ಇಷ್ಟೇ.

ಸಸಿ ಒಂದೂವರೆ ಅಡಿ ಬಂದಾಗ ತುದಿಯ ನಾಲ್ಕೈದು ಇಂಚನ್ನು, ಒಂದು ಎಸಳು ಕಾಂಡಕ್ಕೆ ಸೇರುವ ಜಾಗದಿಂದ ಅರ್ಧ ಸೆಂಟಿಮೀಟರ್ ಮೇಲೆ, ಓರೆಯಾಗಿ ಕತ್ತರಿಸಿ. ಕತ್ತರಿ ಹರಿತವಿರಲಿ. ಉಗುರಲ್ಲಿ ಚಿವುಟಿದರೆ ತೊಗಟೆ ನಾರುನಾರಾಗಿ ತುದಿಯಿಂದ ಒಣಗುತ್ತಾ ಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಕ್ಕೆ ಚಿಗುರು ಕಾಣುತ್ತದೆ. ಆ ಕೊಂಬೆಗಳು ಎಂಟು ಹತ್ತು ಇಂಚಾದಾಗ ಅವುಗಳ ತುದಿಯನ್ನೂ ತೆಗೆಯಿರಿ. ಒಂದು ಎರಡಾಗಿ, ಎರಡು ನಾಲ್ಕಾಗಿ, ವರ್ಷ ಕಳೆಯುವಷ್ಟರಲ್ಲಿ ಹತ್ತು ಹನ್ನೆರಡು ತುದಿ ಇರುತ್ತವೆ. ಒಂದೇ ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಸೊಪ್ಪು ತೆಗೆಯಬೇಡಿ.

ದಿನದ ಒಗ್ಗರಣೆಗೂ ಇದೇ ರೀತಿ. ಬುಡದ ಎಸಳುಗಳಿಂದ ಒಂದೊಂದೇ ಎಲೆ ಕಿತ್ತರೆ ಕೆಳಗೆ ಬೋಳಾಗುತ್ತದೆ, ಮೇಲಿನ ಕುಡಿ ಹಾಗೇ ಉಳಿದು ಇನ್ನಷ್ಟು ಎತ್ತರಕ್ಕೆ ಓಡುತ್ತದೆ. ಕೋಲು ಹುಟ್ಟುವುದೇ ಹೀಗೆ. ಬೇಕಾದಾಗ ಒಂದು ಕೊಂಬೆಯ ತುದಿಯನ್ನು ಮೂರು ನಾಲ್ಕು ಎಸಳಿನ ಸಮೇತ ಕತ್ತರಿಸಿ, ಮರುದಿನ ಇನ್ನೊಂದು ಕೊಂಬೆ. ಹೊತ್ತು ಮುಳುಗಿದ ಮೇಲೆ ಕರಿಬೇವು ಕೀಳಬಾರದೆನ್ನುವ ಮನೆಯಾದರೆ ಬೆಳಿಗ್ಗೆಯೇ ಕತ್ತರಿಸಿ ಲೋಟದ ನೀರಿನಲ್ಲಿಡಿ, ಹಿರಿಯರಿಗೂ ಸಮಾಧಾನ.

ಈಗಾಗಲೇ ಕೋಲಾಗಿರುವ ಗಿಡಕ್ಕೆ ಧೈರ್ಯ ಬೇಕು. ಫೆಬ್ರುವರಿ ಕೊನೆಯಲ್ಲೋ ಜೂನ್ ಮೊದಲ ಮಳೆಗೋ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮಣ್ಣಿನಿಂದ ಒಂದಡಿ ಬಿಟ್ಟು ಮೇಲಿನದೆಲ್ಲವನ್ನೂ ತೆಗೆದುಬಿಡಿ, ಕೆಳಗೆ ಒಂದೆಲೆ ಇಲ್ಲದಿದ್ದರೂ ಸರಿ. ಆಮೇಲೆ ನೀರು ಅರ್ಧಕ್ಕಿಳಿಸಿ, ಎಲೆಯೇ ಇಲ್ಲದ ಗಿಡಕ್ಕೆ ಅಷ್ಟು ಬಾಯಾರಿಕೆ ಇರುವುದಿಲ್ಲ. ಹೀಗೆ ಬೋಳಿಸಿದ ಗಿಡಕ್ಕೆ ಪಾಪವೆಂದು ದಿನವೂ ನೀರೆರೆದು ಕೊಂದವರೇ ಹೆಚ್ಚು. ಎಳೆ ಗಿಡದಲ್ಲಿ ಹೂಗೊಂಚಲು ಕಂಡರೆ ಅದನ್ನೂ ತೆಗೆಯಿರಿ, ಕಾಯಿಗೆ ಹೋಗುವ ಬಲ ಸೊಪ್ಪಿಗೆ ಬರಲಿ.

ಮಜ್ಜಿಗೆಯ ಪ್ರಶ್ನೆ

ಮಜ್ಜಿಗೆ ಸುಳ್ಳೂ ಅಲ್ಲ, ಸಂಜೀವಿನಿಯೂ ಅಲ್ಲ. ಬೋರ್‌ವೆಲ್‌ನ ಗಡಸು ನೀರು ಹಾಕಿ ಹಾಕಿ ಕುಂಡದ ಮಣ್ಣು ಕ್ಷಾರವಾಗುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುವುದು ಅದರ ಗುರುತು. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಹುಳಿ ಮಜ್ಜಿಗೆ ಆ ಕ್ಷಾರವನ್ನು ಸ್ವಲ್ಪ ಮುರಿಯುತ್ತದೆ, ಜೊತೆಗೆ ತುಸು ಸಾರಜನಕವನ್ನೂ ಸುಣ್ಣದಂಶವನ್ನೂ ಕೊಡುತ್ತದೆ. ಹಾಕುವುದಾದರೆ ಒಂದು ಲೋಟ ಮಜ್ಜಿಗೆಗೆ ಹತ್ತು ಲೋಟ ನೀರು, ತಿಂಗಳಿಗೊಮ್ಮೆ. ಉಪ್ಪು, ಒಗ್ಗರಣೆ ಬಿದ್ದ ಮಜ್ಜಿಗೆ ಬೇಡವೇ ಬೇಡ. ಗಟ್ಟಿ ಮಜ್ಜಿಗೆ ಸುರಿದರೆ ಮಣ್ಣಿನ ಮೇಲೆ ಕೆನೆ ಕಟ್ಟಿ ಬೂಷ್ಟು, ನೊಣ, ವಾಸನೆ.

ಯಾವ ಎಲೆ ಹಳದಿಯಾಗಿದೆ ಎಂದು ನೋಡಿದರೆ ಕೊರತೆ ಏನೆಂದು ತಿಳಿಯುತ್ತದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣ ಸಿಗುತ್ತಿಲ್ಲ. ಕೆಳಗಿನ ಹಳೆ ಎಲೆ ಇಡಿಯಾಗಿ ಹಳದಿ ಎಂದರೆ ಸಾರಜನಕ ಕಡಿಮೆ, ಗೊಬ್ಬರ ಬೇಕು. ಕಬ್ಬಿಣಕ್ಕೆ ಗೊಬ್ಬರದಂಗಡಿಯಲ್ಲಿ ಸಿಗುವ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಸಾಕು. ಒಂದು ಲೀಟರ್ ನೀರಿಗೆ ಮೊದಲು ಅರ್ಧ ಹೋಳು ನಿಂಬೆರಸ, ಆಮೇಲೆ 3 ಗ್ರಾಂ ಅನ್ನಭೇದಿ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಹತ್ತು ದಿನ ಆ ಸೊಪ್ಪು ಅಡುಗೆಗೆ ಬೇಡ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಉಜ್ಜಿದರೂ ಹೋಗದು, ಕುಂಡವನ್ನು ಮೋರಿಯ ಬಳಿಗೆ ಸರಿಸಿಕೊಂಡು ಕೆಲಸ ಮಾಡಿ.

ಗೊಬ್ಬರ ಎಂದರೆ ಆರು ವಾರಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ, ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಮಣ್ಣು ಕೆದಕಿ ಸೇರಿಸುವುದು. ಬೇಗ ಚಿಗುರಬೇಕೆಂದರೆ 50 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಹಾಕಿ. ನೆಂಟರು ಬರುವ ದಿನ ಮಾತ್ರ ಈ ಕೆಲಸ ಇಟ್ಟುಕೊಳ್ಳಬೇಡಿ. ಕಾಫಿ, ಟೀ ಚರಟ ಹಾಕುವವರು ಹಾಲು ಸಕ್ಕರೆ ಹೋಗುವಂತೆ ತೊಳೆದು ಹಾಕಿ, ಇಲ್ಲದಿದ್ದರೆ ಇರುವೆ ಮೆರವಣಿಗೆ.

ಹುಳ

ಕರಿಬೇವು ನಿಂಬೆಯ ಕುಟುಂಬದ್ದು, ಹಾಗಾಗಿ ನಿಂಬೆಯ ಶತ್ರುಗಳೆಲ್ಲ ಇಲ್ಲಿಗೂ ಬರುತ್ತಾರೆ. ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನೋ ಕಂಡರೆ ಕಡ್ಡಿಯಿಂದ ತಟ್ಟಿ ನೋಡಿ. ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಚಾಚಿ ಕಟುವಾಸನೆ ಬಿಟ್ಟರೆ ಅದು ನಿಂಬೆ ಚಿಟ್ಟೆಯ ಅಥವಾ ಅದರ ಬಳಗದ ಮರಿಹುಳ. ಬೆಳೆದಂತೆ ಹಸಿರಾಗಿ ಎಲೆಯಲ್ಲೇ ಮರೆಯಾಗುತ್ತದೆ. ನಾಲ್ಕು ಹುಳ ಸಾಕು, ಸಣ್ಣ ಗಿಡವನ್ನು ವಾರದಲ್ಲಿ ಬೋಳಿಸಲು. ವಿಷ ಬೇಡ, ಕೈಯಲ್ಲಿ ಆರಿಸಿ. ಮಕ್ಕಳಿರುವ ಮನೆಯಲ್ಲಿ ಒಂದನ್ನು ತೂತು ಮಾಡಿದ ಡಬ್ಬಿಯಲ್ಲಿ ದಿನವೂ ಎರಡು ಎಸಳು ಹಾಕಿ ಸಾಕಿದರೆ ಚಿಟ್ಟೆಯ ಪಾಠ ಪುಸ್ತಕಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಚಿಗುರು ಮುದುಡಿ ಅಂಟಾಗಿದ್ದರೆ ಅದು ಸಿಲ್ಲಿಡ್ ಎಂಬ ರಸ ಹೀರುವ ಕೀಟ. ಎಳ್ಳಿನಷ್ಟು ಚಿಕ್ಕದು, ಬಾಲ ಮೇಲೆತ್ತಿ ಓರೆಯಾಗಿ ಕೂರುತ್ತದೆ. ಮುದುಡಿದ ಚಿಗುರನ್ನು ಕತ್ತರಿಸಿ ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಆಮೇಲೆ 5 ಮಿಲೀ ಬೇವಿನೆಣ್ಣೆಯನ್ನು 2 ಮಿಲೀ ದ್ರವ ಸೋಪಿನೊಂದಿಗೆ ಸ್ವಲ್ಪ ಬಿಸಿನೀರಿನಲ್ಲಿ ಕುಲುಕಿ, ಬೆಳ್ಳಗಾದ ಮೇಲೆ ಒಂದು ಲೀಟರಿಗೆ ತುಂಬಿಸಿ, ಸಂಜೆ ಎಲೆಯಡಿಗೂ ತಾಗುವಂತೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಎಣ್ಣೆ ನೀರಿನ ಮೇಲೆ ತೇಲುತ್ತಿದ್ದರೆ ಸೋಪು ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಆ ವಾರದ ಸಾರಿಗೆ ಬೇಕಾದ ಸೊಪ್ಪನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ, ಕಹಿ ಹೋಗಲು ದಿನ ಹಿಡಿಯುತ್ತದೆ.

ಚಳಿಗಾಲ, ಹೊರದೇಶ

ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನಲ್ಲೂ ಗಿಡ ಮಲಗಿದಂತಿರುತ್ತದೆ, ಕೆಲವು ಎಲೆ ಹಳದಿಯಾಗಿ ಉದುರುತ್ತವೆ. ಆಗ ಗೊಬ್ಬರವನ್ನೂ ಕತ್ತರಿಯನ್ನೂ ದೂರವಿಡಿ. ಹಿಮ ಬೀಳುವ ದೇಶದಲ್ಲಿರುವವರು ರಾತ್ರಿಯ ತಾಪ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುನ್ನವೇ ಕುಂಡವನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಒಳಗಿಟ್ಟು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಕೊಡಿ. ಎಲೆಯೆಲ್ಲ ಉದುರಿದರೂ ತೊಗಟೆ ಕೆರೆದು ನೋಡದೆ ಕಸಕ್ಕೆ ಹಾಕಬೇಡಿ. ಊರಿಂದ ಸೊಪ್ಪನ್ನೋ ಸಸಿಯನ್ನೋ ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ಒಯ್ಯುವುದು ನಿಷಿದ್ಧ. ಮೇಲೆ ಹೇಳಿದ ಸಿಲ್ಲಿಡ್ ಅಲ್ಲಿನ ಕಿತ್ತಳೆ ತೋಟಗಳಿಗೆ ರೋಗ ಹರಡುವ ಕೀಟ. ಅಲ್ಲೇ ಬೆಳೆಸಿದ ಸಸಿ ಕೊಳ್ಳಿ.

ಎರಡು ವರ್ಷಕ್ಕೊಮ್ಮೆ, ಮಳೆಗಾಲದ ಆರಂಭದಲ್ಲಿ, ಗಿಡವನ್ನು ಕುಂಡದಿಂದ ಹೊರತೆಗೆದು ನೋಡಿ. ಬೇರು ಗೋಡೆಗುಂಟ ಸುರುಳಿ ಸುತ್ತಿದ್ದರೆ ಹೊರಗಿನ ಒಂದಿಂಚನ್ನು ಹಳೆ ಚಾಕುವಿನಿಂದ ಕೆರೆದು ಹೊಸ ಮಣ್ಣು ತುಂಬಿ, ಅದೇ ದಿನ ಕೊಂಬೆಗಳನ್ನೂ ಮೂರನೇ ಒಂದರಷ್ಟು ಇಳಿಸಿ. ಆ ದಿನ ಕೈತುಂಬ ಸೊಪ್ಪು ಸಿಗುತ್ತದೆ. ತೊಳೆಯದೆ, ಒಣ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಮಿಕ್ಕದ್ದನ್ನು ತೊಳೆದು, ನೀರಾರಿಸಿ, ನೆರಳಲ್ಲಿ ಹರಡಿ. ಹಿಡಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಚಟ್ನಿಪುಡಿಗೆ ಹುರಿಯುವಾಗ ಬೇಳೆ ಕೆಂಪಾದ ನಂತರ ಕೊನೆಯಲ್ಲಿ ಹಾಕಿ, ಒಲೆ ಆರಿಸಿಬಿಡಿ. ಮೊದಲೇ ಹಾಕಿದರೆ ಕಪ್ಪಾಗಿ ಘಮವೆಲ್ಲ ಹೊಗೆಯಾಗಿ ಹೋಗುತ್ತದೆ.